ಪಟ್ಟಿಯಲ್ಲಿ ಮೂರನೆಯವರು

ನನ್ನ ಹೆಸರಿಗೆ ‘ಮಾನ್ಯರೇ’ ಅಂತ ಒಕ್ಕಣೆ ಹಾಕಿ ಅರ್ಜಿ ಬರೆದವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಅದೂ ಅಂತಿಂಥ ಅರ್ಜಿಯಲ್ಲ, ಆಕ್ಷೇಪಣಾ ಅರ್ಜಿ. ಎರಡು ಪ್ರತಿ, ಎಡಗಡೆ ಮಡಿಸಿ ಬಿಟ್ಟ ಮಾರ್ಜಿನ್ನು, ‘ವಿಷಯ’, ‘ಉಲ್ಲೇಖ’ ಎಲ್ಲ ಕ್ರಮವಾಗಿ, ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ಎಂದು ದುಂಡಗಿನ ಸಹಿ. ವಿಷಯ ಏನಪ್ಪಾ ಅಂದರೆ, ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟದಲ್ಲಿ ಅರ್ಜಿದಾರರನ್ನು ಆರನೇ ಸ್ಥಾನದಿಂದ ಹದಿನಾಲ್ಕನೇ ಸ್ಥಾನಕ್ಕೆ ಇಳಿಸಿರುವ ಬಗ್ಗೆ. ಆಗ ನಾನು ಶಿಡ್ಲಘಟ್ಟದ ಬಸ್ ಸ್ಟ್ಯಾಂಡ್ ಹತ್ತಿರ ಆರು ಕಂಪ್ಯೂಟರಿನ ಸೈಬರ್ ಸೆಂಟರ್ ಇಟ್ಟುಕೊಂಡಿದ್ದ ಇಪ್ಪತ್ತೇಳು ವರ್ಷದ ಹೆಂಗಸು. ಓದಿ ನಗು ತಡೆಯಲಾಗದೆ, ನೀರು ಕುಡಿಯುವ ನೆಪ ಮಾಡಿ ಒಳಗೆ ಹೋಗಿ ನಕ್ಕು ಬಂದೆ. ಆವತ್ತು ನಗಬಾರದಿತ್ತು. ಈಗ ಅನಿಸಿ ಏನು ಬಂತು ಭಾಗ್ಯ.

ಅವರ ಹೆಸರು ಹೇಳುವುದಿಲ್ಲ. ಇಲಾಖೆ ಯಾವುದು ಅಂತಲೂ ಹೇಳುವುದಿಲ್ಲ. ಹೇಳಿದರೆ ಅದೊಂದೇ ಹಾಗೆ, ಮಿಕ್ಕವೆಲ್ಲ ಸರಿಯಾಗಿವೆ ಅಂದುಕೊಂಡುಬಿಡುತ್ತೀರಿ. ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ದಿನಗೂಲಿ ನೌಕರರು. ಟಪಾಲು ಹಂಚುವುದು, ಟೈಪು ಹೊಡೆಯುವುದು, ಸಾಹೇಬರು ಬಂದರೆ ಜೀಪಿನ ಬಾಗಿಲು ತೆಗೆಯುವುದು, ಹೋದರೆ ಫ್ಯಾನು ಆರಿಸುವುದು. ನಾನು ಅವರನ್ನು ಮೊದಲು ನೋಡುವ ಹೊತ್ತಿಗೆ ಇದೇ ಕೆಲಸದಲ್ಲಿ ಹದಿನೆಂಟು ವರ್ಷ ಕಳೆದಿದ್ದರು. ಕಾಯಂ ಆಗಿರಲಿಲ್ಲ. ಆದರೆ ಅವರನ್ನು ನೋಡಿದವರು ಯಾರೂ ದಿನಗೂಲಿಯವರು ಅನ್ನುತ್ತಿರಲಿಲ್ಲ. ಇಸ್ತ್ರಿ ಮಾಡಿದ ಟೆರಿಕಾಟ್ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಪಕ್ಕದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬುದ್ಧನ ಪುಟ್ಟ ಚಿತ್ರವಿರುವ ಪಾಕೆಟ್ ಕ್ಯಾಲೆಂಡರು. ಯಾರನ್ನು ಕಂಡರೂ ‘ಸಾರ್’, ‘ಮೇಡಂ’. ನನ್ನನ್ನು ಮೇಡಂ ಅಂದ ಮೊದಲಿಗರೂ ಅವರೇ.

ಅವರು ಬಂದದ್ದು ಆಟ ಆಡಲಿಕ್ಕಲ್ಲ. ಇಲಾಖೆಯವರು ಜ್ಯೇಷ್ಠತಾ ಪಟ್ಟಿಯನ್ನು ಇಂಟರ್ನೆಟ್ಟಿನಲ್ಲಿ ಹಾಕಿದ್ದಾರಂತೆ, ನೋಡಬೇಕು ಅಂತ ಬಂದರು. ಯಾರು ಮೊದಲು ಸೇರಿದರು, ಯಾರು ಆಮೇಲೆ ಸೇರಿದರು ಎಂಬ ಸೀನಿಯಾರಿಟಿ ಲಿಸ್ಟು. ಕೆಲಸ ಕಾಯಂ ಮಾಡುವಾಗ ಆ ಪಟ್ಟಿಯ ಮೇಲಿನಿಂದ ಕರೆಯುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. “ಸಾರ್, ಚಪ್ಪಲಿ ಹಾಕ್ಕೊಂಡೇ ಬನ್ನಿ” ಅಂದರೆ, “ಬೇಡಿ ಮೇಡಂ, ಮಿಷಿನ್ ಇರೋ ಜಾಗ” ಅಂದರು. ರಿಜಿಸ್ಟರಿನಲ್ಲಿ ಹೆಸರು, ವಿಳಾಸ, ಬಂದ ವೇಳೆ ಎಲ್ಲ ಬರೆದರು. ಮಿಕ್ಕವರೆಲ್ಲ ಗೀಚಿ ಹೋಗುತ್ತಿದ್ದ ಆ ರಿಜಿಸ್ಟರಿನಲ್ಲಿ ಅವರ ಸಾಲು ಮಾತ್ರ ಮದುವೆ ಕಾಗದದ ಹಾಗೆ ಕಾಣುತ್ತಿತ್ತು.

ಪುಟ ತೆರೆಯಲಿಲ್ಲ. ನಮ್ಮದು ಟೆಲಿಫೋನ್ ಲೈನಿನ ಇಂಟರ್ನೆಟ್ಟು, ಒಂದು ಫೋಟೋ ಇಳಿಯುವಷ್ಟರಲ್ಲಿ ಹೋಟೆಲಿಗೆ ಹೋಗಿ ಟೀ ಕುಡಿದು ಬರಬಹುದಿತ್ತು. ಕಾಯುತ್ತ ಕೂತಿದ್ದವರು ಪಕ್ಕದ ಕಂಪ್ಯೂಟರಿನ ಕಡೆ ತಿರುಗಿದರು. ಅಲ್ಲಿ ಇಮ್ತಿಯಾಜ್ ಆಡುತ್ತಿದ್ದ. ರೇಷ್ಮೆ ನೂಲು ತೆಗೆಯುವ ಮನೆಯವನು, ಇಪ್ಪತ್ತೆರಡು ವಯಸ್ಸು, ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕಾದವನು. ಆ ಬೆರಳಲ್ಲೇ ನಮ್ಮೂರಿನ ಒಳ್ಳೇ ಶೂಟರ್. ಆಟದ ಸುತ್ತು ಮುಗಿದು ಪರದೆಯ ಮೇಲೆ ಹದಿನೈದು ಹೆಸರಿನ ಪಟ್ಟಿ ಬಂತು. ಕ್ರಮಸಂಖ್ಯೆ, ಹೆಸರು, ಅಂಕ.

ಅವರು ಕುರ್ಚಿ ಸಮೇತ ಹತ್ತಿರ ಸರಿದರು. “ಇದೇನಪ್ಪ ಇದು, ಯಾವ ಪಟ್ಟಿ?”

“ರ‍್ಯಾಂಕಿಂಗ್ ಅಂಕಲ್. ಯಾರು ಜಾಸ್ತಿ ಹೊಡೀತಾರೋ ಅವ್ರು ಮೇಲೆ.”

“ಇದಕ್ಕೆ ಸೈನ್ ಯಾರು ಹಾಕ್ತಾರೆ?”

“ಸೈನ್ ಎಂಥದ್ದು? ಕಂಪ್ಯೂಟರೇ ಹಾಕುತ್ತೆ.”

“ಎಷ್ಟು ವರ್ಷಕ್ಕೊಂದ್ಸಲ ಬಿಡ್ತಾರೆ?”

ಇಮ್ತಿಯಾಜ್ ನನ್ನ ಕಡೆ ನೋಡಿ ನಕ್ಕ. “ಎರಡ್ ಎರಡ್ ನಿಮ್ಷಕ್ಕೆ ಅಂಕಲ್.”

ಅವರು ನಗಲಿಲ್ಲ. ಇನ್ನೊಂದು ಸುತ್ತು ಮುಗಿಯುವ ತನಕ ಕಾದು, ಹೊಸ ಪಟ್ಟಿ ಬಂದಾಗ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಬೆರಳಿಟ್ಟು ನೋಡಿದರು. ಏಳನೆಯವನು ಐದನೆಯವನಾಗಿದ್ದ. “ಹೊಡೆದ, ಹೋದ,” ಅಂದುಕೊಂಡರು, ತಮಗೆ ತಾವೇ. ಮಾರನೇ ದಿನ ಸಂಜೆ ಕಚೇರಿ ಬಿಟ್ಟ ಮೇಲೆ ಬಂದು, “ಮೇಡಂ, ಆ ಕೆಲ್ಸ ನನಗೂ ಹೇಳಿಕೊಡ್ತಾರಾ?” ಅಂದರು. ಆಟ ಅನ್ನಲಿಲ್ಲ. ಕೊನೆಯ ತನಕವೂ ಅವರ ಬಾಯಲ್ಲಿ ಅದು ಆಟ ಆಗಲೇ ಇಲ್ಲ.

ನಮ್ಮ ಬಂಡವಾಳವನ್ನೂ ಇಲ್ಲೇ ಬಿಚ್ಚಿಡುತ್ತೇನೆ. ಬಾಗಿಲಿಗೆ ‘ಆನ್‌ಲೈನ್ ಗೇಮಿಂಗ್’ ಅಂತ ಬೋರ್ಡು ಬರೆಸಿದ್ದು ನನ್ನ ತಮ್ಮ ಸೀನ. ಆ ಇಂಟರ್ನೆಟ್ಟಿನಲ್ಲಿ ಆನ್‌ಲೈನ್ ಎಲ್ಲಿಂದ ಬರಬೇಕು? ನನ್ನ ಕೌಂಟರಿನ ಕಂಪ್ಯೂಟರಿನಿಂದಲೇ ಅವನು ಆಟ ನಡೆಸುವ ಏರ್ಪಾಡು ಮಾಡಿದ್ದ. ಜನ ಕಡಿಮೆ ಬಿದ್ದರೆ ಕಂಪ್ಯೂಟರೇ ಆಡಿಸುವ ಬೊಂಬೆಗಳು ಸೇರಿಕೊಳ್ಳುತ್ತಿದ್ದವು. ಹುಡುಗರು ಅವನ್ನು ಬಾಟ್ ಅನ್ನುತ್ತಿದ್ದರು. ಅವಕ್ಕೆ ಸೀನ ಬಾಂಬೆ ಭಾಯ್, ದಿಲ್ಲಿ ದಾದಾ, ಹೈದ್ರಾಬಾದ್ ನವಾಬ್ ಅಂತೆಲ್ಲ ಹೆಸರಿಟ್ಟು, ಬಂದವರಿಗೆ “ಇಂಡಿಯಾದವ್ರೆಲ್ಲ ಆಡ್ತಾವ್ರೆ” ಅಂತ ಓಳು ಬಿಡುತ್ತಿದ್ದ. ಹುಡುಗರಿಗೆ ವಾರದೊಳಗೆ ಗೊತ್ತಾಯಿತು. ಅವರವರೇ ಆಡಿಕೊಳ್ಳಲು ಜನ ಇದ್ದುದರಿಂದ ತಲೆ ಕೆಡಿಸಿಕೊಳ್ಳಲಿಲ್ಲ. ಗೊತ್ತಾಗದೆ ಉಳಿದವರು ಇವರೊಬ್ಬರು. ಹೇಳದೆ ಉಳಿದವಳು ನಾನು.

ಕೆಲಸಕ್ಕೆ ಕೂರುವ ಮುಂಚೆ ವಾಚು ಬಿಚ್ಚಿ ಮಾನಿಟರಿನ ಪಕ್ಕ ಇಡುತ್ತಿದ್ದರು. ಕೈವಸ್ತ್ರದಿಂದ ಮೌಸು ಒರೆಸುತ್ತಿದ್ದರು. ಟೈಪ್‌ರೈಟರಿನ ಕೈ, ಒಂದೊಂದು ಕೀಯನ್ನೂ ಕುಟ್ಟುತ್ತಿದ್ದರು. ನಾಲ್ಕನೇ ನಂಬರ್ ಕೀಬೋರ್ಡಿನಲ್ಲಿ ಮುಂದಕ್ಕೆ ನಡೆಯುವ ಅಕ್ಷರ ಅಳಿಸಿಯೇ ಹೋಯಿತು. ಮಿಕ್ಕವರೆಲ್ಲ ರೌಡಿ, ಕಿಲ್ಲರ್ ಅಂತ ಹೆಸರು ಹಾಕಿಕೊಂಡರೆ ಇವರು ಇನಿಷಿಯಲ್ ಸಮೇತ ತಮ್ಮ ಪೂರ್ತಿ ಹೆಸರು ಹಾಕಿದರು. ಅದು ಎರಡು ಅಕ್ಷರ ಹೆಚ್ಚಾಗಿ ಪಟ್ಟಿಯಲ್ಲಿ ತುದಿ ಕತ್ತರಿಸಿ ಹೋಗುತ್ತಿತ್ತು. ಗುಂಡು ತಗುಲಿ ಸತ್ತರೆ “ಸರಿ ಸಾರ್” ಅನ್ನುತ್ತಿದ್ದರು. ಎದುರಾಳಿ ಬೆನ್ನು ತಿರುಗಿಸಿದ್ದರೆ ಅವನು ಇತ್ತ ತಿರುಗುವ ತನಕ ಕಾಯುತ್ತಿದ್ದರು. ಅಷ್ಟರಲ್ಲಿ ಇನ್ನೊಬ್ಬ ಬಂದು ಇವರನ್ನೇ ಹೊಡೆದಿರುತ್ತಿದ್ದ.

ಬಾಟುಗಳ ಜೊತೆ ಮಾತೂ ಆಡುತ್ತಿದ್ದರು! ಆಟದ ನಡುವೆ ಬರೆದು ಕಳಿಸುವ ಅನುಕೂಲ ಇತ್ತಲ್ಲ, ಅದರಲ್ಲಿ ಬಂದ ಕೂಡಲೇ ‘ಗುಡ್ ಈವನಿಂಗ್ ಟು ಆಲ್’ ಅಂತ ಟೈಪ್ ಮಾಡುವರು. ದಿಲ್ಲಿ ದಾದಾ ಇವರನ್ನು ಹೊಡೆದರೆ ‘ನೈಸ್ ಶಾಟ್ ಸರ್’. ಯಾರೂ ಉತ್ತರ ಕೊಡುತ್ತಿರಲಿಲ್ಲ, ಬೊಂಬೆಗಳು ಏನು ಕೊಟ್ಟಾವು? ನಾನೊಂದು ದಿನ, “ಅವ್ರು ಮಾತೇ ಆಡಲ್ವಲ್ಲ ಸಾರ್” ಅಂತ ಕೆಣಕಿದೆ. “ದೊಡ್ಡ ಊರಿನವರು ಮೇಡಂ. ಟಪಾಲು ತಲುಪಿದ್ರೆ ಸಾಕು, ಉತ್ತರ ಬರಲೇಬೇಕು ಅಂತೇನಿಲ್ಲ,” ಅಂದರು. ನನಗೆ ಒಂಥರಾ ಆಯಿತು. ಕೌಂಟರಿನ ಕಂಪ್ಯೂಟರಿನಿಂದ ಹೈದ್ರಾಬಾದ್ ನವಾಬನ ಹೆಸರಿನಲ್ಲಿ ‘ವೆಲ್ ಪ್ಲೇಡ್ ಸರ್’ ಅಂತ ಬರೆದು ಕಳಿಸಿದೆ. ಅವರು ಎದ್ದು ನಿಂತರು. ನಿಜವಾಗಿಯೂ ಕುರ್ಚಿ ಬಿಟ್ಟು ಎದ್ದು ನಿಂತು, ಮತ್ತೆ ಕೂತು, ‘ಥ್ಯಾಂಕ್ ಯೂ ಸರ್’ ಅಂತ ಕುಟ್ಟಿದರು.

ಪಟ್ಟಿ ಅನ್ನುವುದು ಹುಡುಗರನ್ನು ಹೇಗೆ ಕುಣಿಸುತ್ತಿತ್ತು ಅಂತ ನಾನು ಕಣ್ಣಾರೆ ಕಂಡವಳು. ಒಂದು ಸ್ಥಾನ ಇಳಿದರೆ ಕೀಬೋರ್ಡು ಗುದ್ದುವರು, ಮೌಸು ಸರಿಯಿಲ್ಲ ಅನ್ನುವರು, ನನ್ನನ್ನೇ ಬೈಯುವರು. ಸೋಲುವ ಹಾಗೆ ಕಂಡರೆ ಸುತ್ತು ಮುಗಿಯುವ ಮುಂಚೆಯೇ ಹಿಂದಿನ ವೈರು ಕಿತ್ತುಬಿಡುವರು. ಅದಕ್ಕೆ ಸೀನ ಆಟದ ಮಧ್ಯೆ ಬಿಟ್ಟುಹೋದವರ ಅಂಕ ಕಳೆಯುವ ಹಾಗೆ ಮಾಡಿಟ್ಟ. ತೀರಾ ಕೆಳಗೆ ಹೋದವರು ಹೆಸರನ್ನೇ ಬದಲಾಯಿಸಿ ಹೊಸದಾಗಿ ಶುರುಮಾಡುವರು. ಎಲ್ಲರಿಗಿಂತ ವಿಚಿತ್ರ ಇಮ್ತಿಯಾಜನದು. ಮೊದಲನೇ ಸ್ಥಾನಕ್ಕೆ ಬಂದ ದಿನದಿಂದ ಅವನು ಆಡುವುದನ್ನೇ ಬಿಟ್ಟ. ದಿನಾ ಬಂದು ಪಟ್ಟಿ ನೋಡಿ ಹೋಗುವನು. “ಆಡಿದ್ರೆ ಇಳೀತೀನಿ ಅಕ್ಕ, ಸುಮ್ನಿದ್ರೆ ಫಸ್ಟು,” ಅನ್ನುವನು.

ಇವರು ಎಂದೂ ಗುದ್ದಲಿಲ್ಲ, ವೈರು ಕೀಳಲಿಲ್ಲ. ಇಳಿದರೆ ಚಿಕ್ಕ ಡೈರಿಯಲ್ಲಿ ಬರೆದುಕೊಳ್ಳುವರು. ಒಮ್ಮೆ ಇಮ್ತಿಯಾಜನೇ ಕನಿಕರಪಟ್ಟು, “ಅಂಕಲ್, ಹೆಸ್ರು ಚೇಂಜ್ ಮಾಡ್ಕೊಳ್ಳಿ, ಫ್ರೆಶ್ ಆಗಿ ಆಡ್ಬೋದು,” ಅಂದ.

“ಅಯ್ಯೋ ಬೇಡಪ್ಪ. ಹೊಸ ಹೆಸ್ರು ಹಾಕಿದ್ರೆ ಹಳೇ ಸರ್ವೀಸೆಲ್ಲ ಹೋಯ್ತು. ಎಷ್ಟು ದಿನ ದುಡ್ದಿದೀನಿ!”

ಚಿಂತಾಮಣಿ ದಾರಿಯ ಹಳ್ಳಿ ಅವರದು. ಏಳು ಗಂಟೆಯ ಬಸ್ಸು ಹಿಡಿಯಬೇಕಿದ್ದರಿಂದ ದಿನಕ್ಕೆ ಮುಕ್ಕಾಲು ಗಂಟೆ ಮಾತ್ರ ಅವರ ಡ್ಯೂಟಿ. ಆರು ತಿಂಗಳಲ್ಲಿ ಪಟ್ಟಿಯ ಹೊರಗಿದ್ದವರು ಆರನೇ ಸ್ಥಾನಕ್ಕೆ ಬಂದಿದ್ದರು, ತಮ್ಮ ಸ್ವಂತ ಶ್ರಮದಿಂದಲೇ. ಅದರಲ್ಲಿ ನನ್ನ ಕೈವಾಡ ಇರಲಿಲ್ಲ. ಆಮೇಲೆ ಬೇಸಗೆ ಬಂತು, ಸರಿಯಾಗಿ ಆರು ಗಂಟೆಗೆ ಕರೆಂಟು ತೆಗೆಯತೊಡಗಿದರು. ಯುಪಿಎಸ್ ಇದ್ದದ್ದು ನನ್ನ ಕೌಂಟರಿಗೆ ಮಾತ್ರ. ಕರೆಂಟು ಹೋದರೆ ಅವರ ಕಂಪ್ಯೂಟರು ಆರುವುದು, ಆಟ ಮಾತ್ರ ನಡೆಯುವುದು, ಮಧ್ಯೆ ಬಿಟ್ಟುಹೋದರು ಅಂತ ಅಂಕ ಕಳೆಯುವುದು. ಒಂದು ವಾರದಲ್ಲಿ ಹದಿನಾಲ್ಕಕ್ಕೆ ಇಳಿದರು. ಆಗಲೇ ಆ ಅರ್ಜಿ ಬಂದದ್ದು. ‘ವಿದ್ಯುತ್ ಕಡಿತಕ್ಕೆ ಅರ್ಜಿದಾರನು ಹೊಣೆಗಾರನಲ್ಲವಾದ್ದರಿಂದ, ಸ್ಥಾನವನ್ನು ಪುನರ್ ಪರಿಶೀಲಿಸಬೇಕಾಗಿ ವಿನಂತಿ.’

ನಾನು ನಕ್ಕು ಹೊರಗೆ ಬಂದಾಗ ಅವರು ಇನ್ನೂ ನಿಂತೇ ಇದ್ದರು. “ಮೇಡಂ, ಎರಡನೇ ಪ್ರತಿಗೆ ಸೀಲ್ ಹಾಕಿ, ಸ್ವೀಕರಿಸಿದೆ ಅಂತ ಕೊಡ್ಬೇಕು.” ಸೈಬರಿಗೆ ಅಂತ ಮಾಡಿಸಿದ್ದ ದುಂಡು ಸೀಲು ಇತ್ತು. ಹಾಕಿಕೊಟ್ಟೆ. ಅವರು ಶಾಯಿ ಆರಲಿ ಅಂತ ಊದುತ್ತ ಹೇಳಿದರು: “ಇದು ನನ್ನ ಮೊದಲನೇ ಆಕ್ಷೇಪಣೆ ಮೇಡಂ. ಆಫೀಸಲ್ಲಿ ಹದಿನೆಂಟು ವರ್ಷದಲ್ಲಿ ಒಂದೂ ಹಾಕಿಲ್ಲ. ಹಾಕಿದೋರಿಗೆ ನಾಳೆಯಿಂದ ಬರ್ಬೇಡ ಅಂತಾರೆ. ದಿನಗೂಲಿಯೋರು ತಾನೆ, ಬಾಯಲ್ಲಿ ಅಂದ್ರೆ ಮುಗೀತು.”

ಸೀನನನ್ನು ಕೇಳಿದೆ. “ಹೋದ ಅಂಕ ವಾಪಸ್ ಹಾಕಕ್ಕೆ ಬರಲ್ಲ ಕಣಕ್ಕ. ಬೇಕಾದ್ರೆ ಬಾಟ್‌ಗಳ್ನ ಪೆದ್ದು ಮಾಡ್ಬೋದು,” ಅಂದ. ಕೌಂಟರಿನ ಪರದೆಯಲ್ಲಿ ಅವುಗಳ ಚುರುಕಿನ ಅಂಕಿ, ಮೂರು ಇದ್ದದ್ದನ್ನು ಒಂದು ಮಾಡಿದರೆ ಆಯಿತು. ಮಾಡಿದೆ. ದಿನಾ ಸಂಜೆ ಅವರು ಚಪ್ಪಲಿ ಬಿಡುವ ಸದ್ದು ಕೇಳಿದ ಕೂಡಲೇ ಒಂದು ಮಾಡುವುದು, ಅವರು ಹೋದ ಮೇಲೆ ಮೂರು ಮಾಡುವುದು. ದಿಲ್ಲಿ ದಾದಾ ಗೋಡೆ ನೋಡುತ್ತ ನಿಂತುಬಿಡುವನು. ಬಾಂಬೆ ಭಾಯ್ ಆಕಾಶಕ್ಕೆ ಗುಂಡು ಹಾರಿಸುವನು. ಇವರು ಸಲೀಸಾಗಿ ಮೇಲಕ್ಕೆ ಏರಿದರು. ಹತ್ತು, ಎಂಟು, ಐದು. “ಕೈ ಪಳಗ್ತಾ ಇದೆ ಮೇಡಂ,” ಅನ್ನುವರು. “ನಿಮ್ಮಲ್ಲಿ ಅರ್ಜಿ ಕೊಟ್ರೆ ಕ್ರಮ ಆಗುತ್ತೆ. ನೋಡಿ, ಕರೆಂಟು ಹೋದ್ರೂ ಈಗ ನಾನು ಇಳೀತಿಲ್ಲ.” ಹದಿನೆಂಟು ವರ್ಷ ತಗ್ಗಿಸಿ ತಗ್ಗಿಸಿ ಬಾಗಿದ್ದ ಕತ್ತು ಸ್ವಲ್ಪ ನೇರವಾಯಿತು ಅಂತ ನನಗೆ ಅನಿಸಿತ್ತು. ಪುಣ್ಯದ ಕೆಲಸ ಮಾಡುತ್ತಿದ್ದೇನೆ ಅಂತ ಬೀಗಿದ್ದೆ, ಸುಳ್ಳು ಯಾಕೆ ಹೇಳಲಿ.

ಮೂರನೇ ಸ್ಥಾನಕ್ಕೆ ಬಂದ ದಿನ ಅವರು ಮೈಸೂರುಪಾಕು ತಂದಿದ್ದರು. ಮೇಲೆ ಆಡದೇ ಕೂತಿದ್ದ ಇಮ್ತಿಯಾಜ್, ಕೆಳಗೆ ಬಾಂಬೆ ಭಾಯ್, ಇನ್ನೂ ಕೆಳಗೆ ದಿಲ್ಲಿ ದಾದಾ. “ದಿಲ್ಲಿಯೋರು ನನ್ಗಿಂತ ಕೆಳಗಿದ್ದಾರೆ ಮೇಡಂ,” ಅಂದರು, ಬಹಳ ಸಣ್ಣ ದನಿಯಲ್ಲಿ, ದಿಲ್ಲಿಯವರಿಗೆ ಕೇಳಿಸಿ ಬೇಜಾರಾದೀತು ಅನ್ನುವ ಹಾಗೆ. ಪ್ರಿಂಟ್ ಬೇಕೆಂದರು. ತೆಗೆದುಕೊಟ್ಟೆ. “ಇದಕ್ಕೂ ಒಂದು ಸೀಲ್ ಮೇಡಂ. ಸೀಲ್ ಇಲ್ದಿದ್ರೆ ಬರೀ ಹಾಳೆ.” ಅದಕ್ಕೂ ಒತ್ತಿದೆ. ಎರಡು ರಟ್ಟಿನ ನಡುವೆ ಇಟ್ಟುಕೊಂಡು ಹೋದರು.

ಜಿಲ್ಲೆ ಎರಡಾದದ್ದು ಆಮೇಲೆ. ಕೋಲಾರದಿಂದ ಒಡೆದು ಚಿಕ್ಕಬಳ್ಳಾಪುರವೇ ಜಿಲ್ಲೆ ಆಯಿತು. ಊರೂರಲ್ಲಿ ಪಟಾಕಿ ಹೊಡೆದರು. ಇವರ ಇಲಾಖೆಯಲ್ಲಿ ಪಟ್ಟಿಯನ್ನೂ ಒಡೆದು ಹೊಸದಾಗಿ ಬರೆದರು. ಒಂದು ಸಂಜೆ ಬಂದವರು ವಾಚು ಬಿಚ್ಚಲಿಲ್ಲ. ಕೌಂಟರಿನ ಮೇಲೆ ಒಂದು ಹಾಳೆ ಹರಡಿದರು. ‘ತಾತ್ಕಾಲಿಕ ಪಟ್ಟಿ. ಆಕ್ಷೇಪಣೆಗಳಿದ್ದಲ್ಲಿ ಹದಿನೈದು ದಿನದೊಳಗೆ ಸಲ್ಲಿಸತಕ್ಕದ್ದು.’ ಇಪ್ಪತ್ಮೂರನೆಯವರಾಗಿದ್ದವರು ಮೂವತ್ತೊಂದಕ್ಕೆ ಹೋಗಿದ್ದರು. ಇವರ ಕಣ್ಣೆದುರು ಸೇರಿದ ಎಂಟು ಜನ ಇವರ ಮೇಲೆ ಕೂತಿದ್ದರು.

“ಹಾಕ್ಲಾ ಮೇಡಂ, ಆಕ್ಷೇಪಣೆ?”

ಅವರು ಕೇಳಿದ್ದು ನನ್ನನ್ನು. ಕಚೇರಿಯಲ್ಲಿ ಯಾರನ್ನೂ ಕೇಳಲಿಲ್ಲ, ಮನೆಯಲ್ಲಿ ಕೇಳಿದರೋ ಇಲ್ಲವೋ ತಿಳಿಯದು. ಒಂದು ಅರ್ಜಿಗೆ ಕ್ರಮ ಕೈಗೊಂಡಿದ್ದ ಪ್ರಾಧಿಕಾರ ನಾನೊಬ್ಬಳೇ ಅಲ್ಲವೇ? ನಾನು ಯಾರದೋ ರೆಸ್ಯೂಮೆ ಪ್ರಿಂಟ್ ತೆಗೆಯುತ್ತ, ತಲೆ ಕೂಡ ಎತ್ತದೆ ಅಂದೆ: “ಹಾಕಿ ಸಾರ್, ಏನಾಗುತ್ತೆ? ನ್ಯಾಯವಾಗೇ ಇದೆಯಲ್ಲ.”

ಹಾಕಿದರು. ನಾಲ್ಕನೇ ದಿನ ಸಾಹೇಬರು ಬಾಯಲ್ಲಿ ಅಂದರು, ನಾಳೆಯಿಂದ ಬರಬೇಡ ಅಂತ. ಎರಡು ತಿಂಗಳಿಗೆ ಕೈಕಾಲು ಹಿಡಿದು ಮತ್ತೆ ಸೇರಿಕೊಂಡರು, ಆದರೆ ಹೊಸದಾಗಿ ಸೇರಿದ ಲೆಕ್ಕ. ನಡುವೆ ಬಿಡುವು ಬಿದ್ದರೆ ದಿನಗೂಲಿಯವರ ಹಳೆಯ ಸೇವೆ ಸೇವೆಯೇ ಅಲ್ಲವಂತೆ. ಮುಂದಿನ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು ಅವರದು. ಹೆಸರು ಬದಲಾಯಿಸದೆಯೇ ಇಪ್ಪತ್ತು ವರ್ಷ ಹೋಯಿತು.

ಇದನ್ನು ಅವರು ನನಗೆ ಹೇಳಿದ್ದು ದೂರಿನ ದನಿಯಲ್ಲಿ ಅಲ್ಲ. ಮತ್ತೆ ಬರಲು ಶುರುಮಾಡಿದ ದಿನ, ವಾಚು ಬಿಚ್ಚುತ್ತ ಹೇಳಿದರು. “ಹೋಗ್ಲಿ ಮೇಡಂ. ಇಲ್ಲಾದ್ರೂ ನಮ್ಮ ಸರ್ವೀಸು ಹಂಗೇ ಇದೆಯಲ್ಲ.” ನಾನು ಅವಸರವಾಗಿ ಅಂಕಿಯನ್ನು ಒಂದು ಮಾಡಿದೆ.

ಅದೂ ಬಹಳ ದಿನ ನಡೆಯಲಿಲ್ಲ. ಬ್ರಾಡ್‌ಬ್ಯಾಂಡ್ ಬಂತು. ಸೀನ ಕುಣಿಯುತ್ತ ಎಲ್ಲ ಕಂಪ್ಯೂಟರುಗಳನ್ನೂ ನಿಜವಾದ ಆನ್‌ಲೈನ್ ಆಟಕ್ಕೆ ಜೋಡಿಸಿದ. ಅಲ್ಲಿ ಲೋಕದವರೆಲ್ಲ ಇದ್ದರು, ನಿಜವಾದ ಕೈ, ನಿಜವಾದ ಕಣ್ಣು. ಅಲ್ಲಿಯೂ ಪಟ್ಟಿ ಇತ್ತು. ಇಮ್ತಿಯಾಜ್ ಎರಡು ವರ್ಷ ಕಾದಿಟ್ಟಿದ್ದ ಮೊದಲನೇ ಸ್ಥಾನ ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಸಾವಿರದ ಚಿಲ್ಲರೆಗೆ ಹೋಯಿತು. ಅವನು ಕೀಬೋರ್ಡು ಗುದ್ದಿದ, ಏಳು ಸಲ ಹೆಸರು ಬದಲಾಯಿಸಿದ, ಏಳು ಸಲವೂ ಅಲ್ಲಿಗೇ ಹೋದ. ಅದೇ ಸಂಜೆ ಇವರು ಬಂದು ಪೂರ್ತಿ ಹೆಸರು ಹಾಕಿ ‘ಗುಡ್ ಈವನಿಂಗ್ ಟು ಆಲ್’ ಅಂತ ಬರೆದು ಶುರುಮಾಡಿದರು. ಯಾರೋ ಇಂಗ್ಲಿಷಿನಲ್ಲಿ ಕೆಟ್ಟದಾಗಿ ಬೈದ. ಮೊದಲ ಸಲ ಅವರಿಗೆ ತಾನಾಗಿ ಬಂದ ಉತ್ತರ ಅದು. ಮುಕ್ಕಾಲು ಗಂಟೆಯಲ್ಲಿ ಒಬ್ಬರನ್ನೂ ಹೊಡೆಯಲಾಗಲಿಲ್ಲ. ಕೊನೆಗೆ ಅವರ ಹೆಸರಿನ ಮುಂದೆ ಬಂದ ಸಂಖ್ಯೆ ಹನ್ನೊಂದು ಸಾವಿರದ ಮೇಲೆ ಇತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಮೊನ್ನೆ ತಂಕ ಮೂರು ಇತ್ತು,” ಅಂದರು.

ಇಮ್ತಿಯಾಜನಿಗೆ ತನ್ನದೇ ಉರಿ. “ಅಂಕಲ್, ಅದೆಲ್ಲಾ ಡಮ್ಮಿ. ಬಾಟ್ಸು. ಈ ಅಕ್ಕನ ಕಂಪ್ಯೂಟರ್ರೇ ಆಡ್ತಿತ್ತು ನಿಮ್ ಜೊತೆ. ಇಷ್ಟು ದಿನ ಗೊತ್ತಾಗ್ಲಿಲ್ವಾ ನಿಮ್ಗೆ?”

ಅವರು ಎದ್ದು ಕೌಂಟರಿನ ಹತ್ತಿರ ಬಂದರು. ಇಮ್ತಿಯಾಜನ ಮಾತು ನಿಜವೇ ಅಂತ ಕೇಳಲಿಲ್ಲ. ಕೇಳಿದ್ದು ಒಂದೇ: “ಮೇಡಂ, ನನ್ನ ಆಕ್ಷೇಪಣೆ ಮೇಲೆ ಏನು ಕ್ರಮ ಆಗಿತ್ತು?”

ಹೇಳಬಹುದಿತ್ತು. ನಿಮ್ಮ ಮೇಲಿನ ಮಮತೆಯಿಂದ ಮಾಡಿದೆ ಅನ್ನಬಹುದಿತ್ತು, ಅದು ಅರ್ಧ ನಿಜವೂ ಆಗಿತ್ತು. ಕಾಲಿಗೆ ಬೀಳಬಹುದಿತ್ತು. ನಾನು ಪರದೆ ನೋಡುತ್ತ, “ಅದೆಲ್ಲಾ ಸೀನ ಮಾಡಿದ್ದು ಸಾರ್, ನಂಗೊತ್ತಿಲ್ಲ,” ಅಂದೆ.

“ಹೌದಾ. ಸರಿ ಮೇಡಂ.” ಗುಂಡು ತಗುಲಿದಾಗ ಅನ್ನುತ್ತಿದ್ದ ಅದೇ ‘ಸರಿ’. ವಾಚು ಕಟ್ಟಿಕೊಂಡರು. ರಿಜಿಸ್ಟರಿನಲ್ಲಿ ಹೊರಟ ವೇಳೆ ಬರೆದರು, ಚಪ್ಪಲಿ ಮೆಟ್ಟಿಕೊಂಡು ಹೋದರು. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಮತ್ತೆ ಬರಲಾರರು ಅಂದುಕೊಂಡೆ. ಬಂದರು, ಅದೇ ನನಗೆ ತಡೆಯಲಾಗದ್ದು. ಮೂರು ತಿಂಗಳು ಅದೇ ಹೊತ್ತಿಗೆ ಬಂದು, ಅದೇ ಹೆಸರಿನಲ್ಲಿ ಆ ಹನ್ನೊಂದು ಸಾವಿರದೊಳಗೆ ಕೂತು ಹೊಡೆಸಿಕೊಂಡು ಹೋಗುತ್ತಿದ್ದರು. ಡೈರಿ ತೆಗೆಯುತ್ತಿರಲಿಲ್ಲ. ಗುಡ್ ಈವನಿಂಗ್ ಬರೆಯುತ್ತಿರಲಿಲ್ಲ. ಸುತ್ತು ಮುಗಿದು ಪಟ್ಟಿ ಬರುವಾಗ ಮುಖ ತಿರುಗಿಸಿ ಗೋಡೆ ಗಡಿಯಾರ ನೋಡುತ್ತಿದ್ದರು. ಒಂದು ದಿನ ಬರುವುದನ್ನು ನಿಲ್ಲಿಸಿದರು. ಆ ಮೇಲೆ ಒಂದೇ ಸಲ ಕಂಡದ್ದು, ರೇಷ್ಮೆಗೂಡಿನ ಮಾರ್ಕೆಟ್ಟಿನ ರಸ್ತೆಯಲ್ಲಿ, ಟಪಾಲು ಚೀಲ ಹೆಗಲಿಗೆ ಹಾಕಿಕೊಂಡು. “ಚೆನ್ನಾಗಿದೀರಾ ಮೇಡಂ?” ಅಂದರು. ನಿಲ್ಲಲಿಲ್ಲ.

ಸೈಬರು ಈಗ ಇಲ್ಲ. ಅದೇ ಜಾಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಹೋದ ತಿಂಗಳು ಒಬ್ಬ ಹೆಂಗಸು ಬಂದು ಗಂಟು ಕಟ್ಟಿದ ಫೈಲು ಕೌಂಟರಿನ ಮೇಲಿಟ್ಟರು. “ಏಮಮ್ಮಾ, ಇವೆಲ್ಲಾ ಎರಡೆರಡು ಜೆರಾಕ್ಸ್ ಹಾಕ್ಕೊಡ್ತೀಯಾ? ಚಿಕ್ಕಬಳ್ಳಾಪುರದ ದೊಡ್ಡಾಫೀಸಿಗೆ ಕೊಡ್ಬೇಕು.” ಮೊದಲ ಹಾಳೆಯ ಅಕ್ಷರ ನೋಡಿದ ಕೂಡಲೇ ನನ್ನ ಕೈ ನಿಂತಿತು. ಮದುವೆ ಕಾಗದದಂಥ ಅಕ್ಷರ.

“ಯಾರಮ್ಮ ಇವ್ರು?”

“ನಮ್ಮ ಯಜಮಾನ್ರು. ಹೋಗಿ ಮೂರು ತಿಂಗ್ಳಾಯ್ತು. ಕಾಮಾಲೆ ಅಂದ್ರು. ಡ್ಯೂಟೀಲಿರೋವಾಗ್ಲೇ ಹೋದ್ರಲ್ಲ, ಮನೆಯೋರಿಗೆ ಏನಾದ್ರೂ ಕೊಡ್ತಾರಂತೆ. ಕೊಡ್ತಾರೋ ಇಲ್ವೋ, ದೇವ್ರಿಗೇ ಎರಿಕ.”

ಒಂದೊಂದೇ ಹಾಳೆ ಗಾಜಿನ ಮೇಲಿಟ್ಟು ಒತ್ತುತ್ತ ಹೋದೆ. ತಾತ್ಕಾಲಿಕ ಪಟ್ಟಿಗಳು, ಒಂದರ ಮೇಲೊಂದು. ಕೆಲವಕ್ಕೆ ಸಹಿ ಇಲ್ಲ, ಯಾವುದಕ್ಕೂ ಸೀಲಿಲ್ಲ. ಕೊನೆಯಲ್ಲಿ ಎರಡು ರಟ್ಟಿನ ನಡುವೆ ಆ ಹಾಳೆ ಬಂತು. ನನ್ನ ಪ್ರಿಂಟರಿನ ಹಾಳೆ. ಹದಿನೈದು ಹೆಸರು, ಮೂರನೆಯದರ ಕೆಳಗೆ ಸ್ಕೇಲಿಟ್ಟು ಎಳೆದ ಕೆಂಪು ಗೆರೆ.

“ಅದನ್ನ ಎಲ್ಲಾದಕ್ಕಿಂತ ಮೇಲಿಡಮ್ಮ,” ಅಂದರು ಆಕೆ. “ನಂಗೆ ಇಂಗ್ಲೀಷ್ ಬರಲ್ಲ. ಆದ್ರೆ ಅದರಾಗೆ ಅವ್ರು ಮೂರ್ನೇ ನಂಬರು ಅಂತ ತೋರ್ಸಿದ್ರು. ಆವತ್ತು ಮೈಸೂರ್‌ಪಾಕ್ ತಂದಿದ್ರು ಮನೇಗೆ. ಆಮೇಲೆ ಏನೋ ಮೋಸ ಆಯ್ತಂತೆ, ಕಡೇಗೆ ಹಾಕ್ಬಿಟ್ರಂತೆ. ಯಾರು ಮಾಡಿದ್ದು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ.”

“ಇದು ಬೇಡಮ್ಮ. ಇದನ್ನ ಬಿಟ್ಬಿಡಿ.”

“ಯಾಕೆ? ಸೀಲಿರೋದು ಅದಕ್ಕೊಂದಕ್ಕೇ ಅಲ್ವಾ? ಸೀಲ್ ಇಲ್ದಿದ್ರೆ ಬರೀ ಹಾಳೆ ಅಂತ ಅವ್ರೇ ಅಂತಿದ್ರು.” ಆಕೆ ಸೀಲಿನ ಮೇಲೆ ಬೆರಳಿಟ್ಟರು. ಶಾಯಿ ಹಬ್ಬಿ ಅಕ್ಷರಗಳು ಒಂದರೊಳಗೊಂದು ಸೇರಿಕೊಂಡಿದ್ದವು. “ಇದು ಯಾವ ಆಫೀಸಿನ ಸೀಲು ಅಂತ ಓದಿ ಹೇಳು ತಾಯಿ. ಮೂರ್ನೇ ನಂಬರು ಕೊಟ್ಟೋರಲ್ವಾ, ಅವ್ರಾದ್ರೂ ನಿಜ ಹೇಳ್ತಾರೆ. ಅಲ್ಲಿಗೇ ಹೋಗಿ ಕೇಳ್ತೀನಿ.”

“ಆ ಆಫೀಸು ಮುಚ್ಚಿ ಹೋಯ್ತಮ್ಮ,” ಅಂದೆ.

“ಅಲ್ಲಿದ್ದೋರು?”

“ಅವ್ರೂ ಇಲ್ಲ.”

ಆಕೆ ಫೈಲನ್ನು ತಮ್ಮ ಕಡೆಗೆ ಎಳೆದುಕೊಂಡರು. “ಹೋಗ್ಲಿ ಬಿಡು. ಸೀಲಾದ್ರೂ ಐತಲ್ಲ,” ಅಂದು, ಆ ಹಾಳೆಯನ್ನು ತಾವೇ ತೆಗೆದು ಎಲ್ಲದರ ಮೇಲಿಟ್ಟು, ಫೈಲಿನ ದಾರ ಬಿಗಿಯಾಗಿ ಕಟ್ಟಿದರು. ಚಿಕ್ಕಬಳ್ಳಾಪುರದಲ್ಲಿ ಯಾರೋ ಗುಮಾಸ್ತರು ಆ ದಾರ ಬಿಚ್ಚುತ್ತಾರೆ. ಮೊದಲು ಕಾಣುವುದು ಬಾಂಬೆ ಭಾಯ್, ದಿಲ್ಲಿ ದಾದಾ. ನೀರು ಕುಡಿಯುವ ನೆಪ ಮಾಡಿ ಒಳಗೆ ಹೋಗುವಷ್ಟು ಮರ್ಯಾದೆ ಅವರಿಗೆ ಇರುತ್ತದೋ ಇಲ್ಲವೋ. ಕೂಗಿ ನಿಲ್ಲಿಸಲು ಒಂದು ಮಾತು ಸಾಕಿತ್ತು. ಆಕೆ ರಸ್ತೆ ದಾಟಿದರು, ಬಸ್ಸಿನ ಮೆಟ್ಟಿಲು ಹತ್ತಿದರು, ಕಿಟಕಿಯ ಪಕ್ಕ ಕೂತು ಫೈಲನ್ನು ಮಡಿಲಲ್ಲಿ ಇಟ್ಟುಕೊಂಡರು. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷ ಇತ್ತು. ನಾನು ಕೌಂಟರು ಬಿಟ್ಟು ಏಳಲಿಲ್ಲ. ಆ ಸೀಲು ನನ್ನ ಮೊಣಕಾಲಿಗೆ ತಾಗುವ ಡ್ರಾಯರಿನಲ್ಲೇ ಇತ್ತು.